ಲೆಕ್ಕ ಮೊದಲು, ಪಂಪು ಆಮೇಲೆ



ಘಟ್ಟದ ಊರಿನವರಾದ ನಿಮ್ಮೆದುರು ಬಾಗಲಕೋಟೆ ಸೀಮೆಯವನೊಬ್ಬ ನೀರಿನ ಟಾಕಿಯ ಕುರಿತು ಮಾತನಾಡುವುದು ವಿಚಿತ್ರವೆನಿಸಬಹುದು. ನಿಮ್ಮಲ್ಲಿ ಅಬ್ಬಿಯ ನೀರು ಅಡಿಕೆಯ ದಂಬೆಯಲ್ಲಿಯೋ ಪೈಪಿನಲ್ಲಿಯೋ ತಾನಾಗಿಯೇ ಅಂಗಳಕ್ಕೆ ಇಳಿದು ಬರುತ್ತದೆ. ಆದರೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯೇ ಬಾದಾಮಿ, ಹುನಗುಂದ ಸೀಮೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬೆಟ್ಟದ ನೀರನ್ನು ಬಯಲಿನವರು ಹೇಗೆ ಹಿಡಿದಿಡುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ. ಬೇಸಗೆಯಲ್ಲಿ ಅಬ್ಬಿ ಸೊರಗಿ ಬೋರ್‌ವೆಲ್ಲಿನ ಮೊರೆಹೋದ ಮನೆಗಳಿಗಂತೂ ಈ ಮಾತು ನೇರವಾಗಿಯೇ ತಾಗುತ್ತದೆ.

ನಮ್ಮ ಕಡೆಯ ಜನ ಅಂಗಡಿಗೆ ಹೋದೊಡನೆ ಕೇಳುವುದು "ಎಷ್ಟು ಎಚ್‌ಪಿ?" ಎಂದು. ನಾನೂ ಹಾಗೆಯೇ ಕೇಳಿ ಒಂದು ಎಚ್‌ಪಿ ಪಂಪನ್ನು ತಂದು, ಬೀದಿಯ ನಳದ ಕೊಳವೆಗೇ ಜೋಡಿಸಿದ್ದೆ. ನಮ್ಮ ಟಾಕಿ ಬಲು ಬೇಗ ತುಂಬುತ್ತಿತ್ತು. ಒಂದು ದಿನ ಓಣಿಯ ಕೊನೆಯ ಮನೆಯ ಹಿರಿಯ ತಾಯಿಯೊಬ್ಬರು ಖಾಲಿ ಕೊಡ ಹಿಡಿದು ಬಂದರು. "ತಮ್ಮಾ, ನಿನ್ನ ಮೋಟರ್ ಬಂದ್ ಆದ ಮ್ಯಾಲೆ ನಮಗ ನೀರು ಬರಬೇಕು. ಅಷ್ಟೊತ್ತಿಗೆ ನಳ ಹೋಗಿರ್ತಾವು" ಎಂದರು. ಜಗಳದ ದನಿ ಇರಲಿಲ್ಲ. ಇದ್ದಿದ್ದರೆ ನಾನೂ ಎದುರು ಮಾತನಾಡುತ್ತಿದ್ದೆನೋ ಏನೋ. ಪಂಪು ಕೊಳವೆಯನ್ನೇ ಹೀರುವಾಗ ಮುಂದಿನ ಮನೆಗಳಿಗೆ ಒತ್ತಡ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಕೊಳವೆ ಒಡೆದಲ್ಲೆಲ್ಲ ಚರಂಡಿಯ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಅದನ್ನು ಮೊದಲು ಕುಡಿಯುವವರು ಪಂಪು ಹಚ್ಚಿದ ಮನೆಯವರೇ.

ಆ ಮೇಲೆ ನೆಲದಲ್ಲಿ ಸಂಪು ಕಟ್ಟಿಸಿದೆ. ಬೀದಿಯ ನೀರು ತನ್ನ ಒತ್ತಡದಿಂದಲೇ ಸಂಪಿಗೆ ಬೀಳಬೇಕು, ತುಂಬಿದಾಗ ತೇಲುಗುಂಡಿನ ವಾಲ್ವು ಅದನ್ನು ತಡೆಯಬೇಕು. ಪಂಪಿನ ಕೆಲಸ ಸಂಪಿನಿಂದ ಮೇಲಿನ ಟಾಕಿಗೆ ಮಾತ್ರ.

ಸಂಪು ಎಷ್ಟು ದೊಡ್ಡದಿರಬೇಕು? ತಲೆಗೆ ದಿನಕ್ಕೆ ೧೦೦ ಲೀಟರ್ ಎಂದಿಟ್ಟುಕೊಳ್ಳೋಣ. ೨೦೧೯ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಗಳಿಗೆ ೫೫ ಲೀಟರ್ ಎನ್ನುತ್ತದೆ. ಪಟ್ಟಣಗಳ ಯೋಜನೆಗಳಲ್ಲಿ ೧೩೫ರ ಲೆಕ್ಕವಿದೆ. ಐವರ ಮನೆಗೆ ೫೦೦ ಲೀಟರ್ ಆಯಿತು. ನಾಲ್ಕು ದಿನಕ್ಕೊಮ್ಮೆ ನಳ ಬರುವ ಓಣಿಯಾದರೆ ೨,೦೦೦. ಒಂದು ಸರದಿ ತಪ್ಪಿದರೂ ನಡೆಯಬೇಕೆಂದರೆ ೪,೦೦೦. ಮೇಲಿನ ಟಾಕಿಗೆ ಒಂದು ದಿನದ ನೀರು ಸಾಕು. ಆದರೆ ಜನ ಮಾಡುವುದು ತಿರುವುಮುರುವು: ಸಂಪೇ ಇಲ್ಲದೆ ಮಾಳಿಗೆಯ ಮೇಲೆ ೨,೦೦೦ ಲೀಟರಿನ ಕಪ್ಪು ಟಾಕಿ!

೧,೦೦೦ ಲೀಟರ್ ನೀರೆಂದರೆ ಒಂದು ಟನ್ ಭಾರ. ಹದಿನಾರು ಜನ ಚಕ್ಕಡಿಯ ಗಾಲಿಯಷ್ಟು ಜಾಗದಲ್ಲಿ ಹಗಲೂ ರಾತ್ರಿ ನಿಂತ ಹಾಗೆ. ನಮ್ಮ ಹಳೆಯ ಮನೆಗಳದು ತೊಲೆ ಜಂತಿಗಳ ಮೇಲಿನ ಮಣ್ಣಿನ ಮಾಳಿಗೆ. ಮಳೆಯಲ್ಲಿ ನೆನೆದಾಗ ತನ್ನ ಭಾರವೇ ಅದಕ್ಕೆ ಹೆಚ್ಚು. ಬಾದಾಮಿಯ ಕಡೆ ಹಾಸುಗಲ್ಲಿನ ಮಾಳಿಗೆಗಳಿವೆ. ಕಲ್ಲಲ್ಲವೇ, ತಾಳುತ್ತದೆ ಎನ್ನುತ್ತಾರೆ. ಕಲ್ಲು ಅದುಮುವ ಭಾರವನ್ನು ತಾಳುತ್ತದೆ, ಬಾಗಿಸುವ ಭಾರವನ್ನು ತಾಳುವುದಿಲ್ಲ. ಮುರಿಯುವ ಮೊದಲು ಸೂಚನೆಯನ್ನೂ ಕೊಡುವುದಿಲ್ಲ. ಇಂಥ ಮನೆಗಳಲ್ಲಿ ಟಾಕಿಗೆ ಹಿತ್ತಲಿನಲ್ಲಿ ಪ್ರತ್ಯೇಕ ಕಟ್ಟೆಯೇ ಬೇಕು. ಇಳಕಲ್ಲಿನ ಕೆಂಪು ಗ್ರಾನೈಟಿನ ಸೀಮೆಯಲ್ಲಿ ನಾಲ್ಕು ಕಲ್ಲುಕಂಬಗಳಿಗೆ ಬರವೇನೂ ಇಲ್ಲ.

ಸಂಪಿಗೂ ನೆಲದ ಗುಣ ನೋಡಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಅದರಲ್ಲಿ ಕಟ್ಟಿದ ಗೋಡೆಯೂ ಸೀಳುತ್ತದೆ. ಗರಸು ಸಿಗುವವರೆಗೆ ಅಗೆದು, ಸುತ್ತ ಗರಸನ್ನೇ ತುಂಬಬೇಕು.

ಇನ್ನು ಪಂಪು. ಸಂಪಿನ ತಳದಿಂದ ಟಾಕಿಯ ಬಾಯಿಗೆ ಎಷ್ಟು ಮೀಟರ್ ಎಂದು ಹಗ್ಗ ಹಿಡಿದು ಅಳೆಯಿರಿ. ಕೊಳವೆಯ ಘರ್ಷಣೆ ಸೇರಿ ೧೨ ಮೀಟರ್ ಆದರೆ ಅರ್ಧ ಎಚ್‌ಪಿ ಪಂಪು ೧,೦೦೦ ಲೀಟರನ್ನು ಹೆಚ್ಚುಕಡಿಮೆ ಕಾಲು ಗಂಟೆಯಲ್ಲಿ ಏರಿಸುತ್ತದೆ. ಪಂಪು ಸಂಪಿನ ಹತ್ತಿರವೇ ಇರಲಿ. ನೆಲದ ಮೇಲಿನ ಪಂಪು ಆರೇಳು ಮೀಟರಿಗಿಂತ ಆಳದಿಂದ ಹೀರಲಾರದು. ಅದೇ ನೀರನ್ನು ೧೨೦ ಮೀಟರ್ ಆಳದ ಬೋರ್‌ವೆಲ್ಲಿನಿಂದ ಎತ್ತಲು ವಿದ್ಯುತ್ತು ಸುಮಾರು ಹತ್ತು ಪಟ್ಟು ಬೇಕು.

ಬಾದಾಮಿಯ ಅಗಸ್ತ್ಯತೀರ್ಥಕ್ಕೆ ಯಾವ ಪಂಪೂ ಇಲ್ಲ, ಬಂಡೆಗಳ ಮೇಲೆ ಬಿದ್ದ ಮಳೆ ಕೆರೆಗೆ ಇಳಿಯುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು ೫೫೦ ಮಿಲಿಮೀಟರ್ ಮಳೆ. ನಿಮಗೆ ನಗು ಬರಬಹುದು. ಆದರೂ ೧೦೦ ಚದರ ಮೀಟರಿನ ಆರ್‌ಸಿಸಿ ಮಾಳಿಗೆಯಿಂದ, ಐದರಲ್ಲೊಂದು ಪಾಲು ಪೋಲಾದರೂ, ೪೪,೦೦೦ ಲೀಟರ್ ಸಂಪಿಗೆ ಇಳಿಯುತ್ತದೆ. ಟಾಕಿಯ ಮುಚ್ಚಳ ಮಾತ್ರ ಭದ್ರವಾಗಿರಬೇಕು. ಡೆಂಗ್ಯೂ ಹರಡುವ ಸೊಳ್ಳೆಗೆ ಒಂದು ವಾರ ನಿಂತ ನೀರು ಸಾಕು.

ವಿದ್ಯಾರ್ಥಿನಿಯೊಬ್ಬರು ಚೀಟಿ ಕಳಿಸಿದ್ದಾರೆ: "ಬೋರ್‌ವೆಲ್ಲಿನ ನೀರನ್ನು ಕುದಿಸಿ ಕುಡಿದರೆ ಸಾಲದೇ?" ರೋಗಾಣುಗಳಿಗೆ ಸಾಕು, ಫ್ಲೋರೈಡಿಗೆ ಸಾಲದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಹುನಗುಂದ, ಇಳಕಲ್ ಭಾಗದ ಗಟ್ಟಿಶಿಲೆಯ ನೆಲದಲ್ಲಿ ಈ ತೊಂದರೆಯಿದೆ. ಭಾರತೀಯ ಮಾನಕದಂತೆ ಲೀಟರಿಗೆ ೧ ಮಿಲಿಗ್ರಾಂ ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲದಿದ್ದರೆ ೧.೫ ಕೊನೆಯ ಮಿತಿ. ಅದನ್ನು ಮೀರಿದ ನೀರು ಬಳಕೆಗೆ ಇರಲಿ, ಕುಡಿಯಲು ಮತ್ತು ಅಡುಗೆಗೆ ನದಿಯ ನೀರಿಗೋ ಮಳೆನೀರಿಗೋ ಬೇರೊಂದು ಸಣ್ಣ ಟಾಕಿ ಇಡಿ. ಬೋರ್‌ವೆಲ್ಲಿಗೆ ಕಾಯಂ ಪಂಪು ಕೊಳ್ಳುವ ಮೊದಲೇ ನೀರನ್ನು ಪರೀಕ್ಷೆಗೆ ಕೊಡಿ. ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಅದರಿಂದಲೇ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಿರಿ. ಗಾಜಿನ ಸೀಸೆ ಬೇಡ, ಫ್ಲೋರೈಡು ಗಾಜಿನೊಡನೆ ಬೆರೆತು ಲೆಕ್ಕ ತಪ್ಪಬಹುದು.