ವಿದ್ಯುತ್ ಕಾರಿನ ಬ್ಯಾಟರಿ: ದುಡಿಮೆಯ ಲೆಕ್ಕ



ಬೆಳಗಿನ ಒಂಬತ್ತು ಗಂಟೆಗೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ನಿಂತು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಲಹಂಕದ ಕಡೆಯಿಂದ ನಗರದೊಳಕ್ಕೆ ತೆವಳುವ ಕಾರುಗಳ ಸಾಲಿನಲ್ಲಿ ಹಸಿರು ನಂಬರ್ ಫಲಕ ಹೊತ್ತ ವಿದ್ಯುಚ್ಚಾಲಿತ ವಾಹನಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಅವುಗಳಿಗೆ ಹೊಗೆಯ ಕೊಳವೆಯಿಲ್ಲ, ಎಂಜಿನ್ನಿನ ಗದ್ದಲವಿಲ್ಲ. ಆದರೆ ಒಳಗೆ ಕುಳಿತವರು ಬಹುಮಟ್ಟಿಗೆ ಒಬ್ಬರೇ. ರಸ್ತೆಯಲ್ಲಿ ಅವು ಹಿಡಿಯುವ ಜಾಗವೂ ಪೆಟ್ರೋಲ್ ಕಾರಿನಷ್ಟೇ.

ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿರುವ ನೌಕರನೂ ಯಲಹಂಕ ಉಪನಗರದಲ್ಲಿ ಸ್ವಂತ ಮನೆ ಕಟ್ಟಿಕೊಂಡ ನಿವೃತ್ತನೂ ಇಂದು ಒಂದೇ ಪ್ರಶ್ನೆ ಕೇಳುತ್ತಾರೆ: ವಿದ್ಯುತ್ ಕಾರು ಕೊಂಡರೆ ಲಾಭವೋ ನಷ್ಟವೋ? ಇದಕ್ಕೆ ಉತ್ತರ ಇರುವುದು ಬ್ಯಾಟರಿಯಲ್ಲಿ. ಅದರಲ್ಲಿಯೂ ಬ್ಯಾಟರಿಯ ಬೆಲೆ ಎಷ್ಟು ಎಂಬುದಕ್ಕಿಂತ, ಆ ಬ್ಯಾಟರಿ ತನ್ನ ಆಯುಷ್ಯದಲ್ಲಿ ಎಷ್ಟು ದುಡಿಯುತ್ತದೆ ಎಂಬುದರಲ್ಲಿ.

ಈ ಪ್ರಶ್ನೆ ಬೆಂಗಳೂರಿಗೆ ಹೊಸದಲ್ಲ. 2001ರಲ್ಲಿಯೇ ಈ ನಗರದ ರಸ್ತೆಗೆ 'ರೇವಾ' ಇಳಿದಿತ್ತು. ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಸಂಸ್ಥೆಯೂ ಕೂಡಿ 1994ರಲ್ಲಿ ಕಟ್ಟಿದ ಕಂಪನಿಯ ಕೂಸು ಅದು. ಚೇತನ್ ಮೈನಿಯವರು ಅದರ ರೂವಾರಿ. ಎರಡು ಬಾಗಿಲಿನ ಪುಟ್ಟ ಕಾರು. ಮುಂದಿನ ಸೀಟುಗಳ ಕೆಳಗೆ ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಆ ಬ್ಯಾಟರಿಗಳ ತೂಕವೇ ಕಾಲು ಟನ್ನಿನ ಆಸುಪಾಸು. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ 80 ಕಿ.ಮೀ. ಓಡುತ್ತದೆ ಎಂದು ಕಂಪನಿ ಹೇಳುತ್ತಿತ್ತು. ವಾಹನದಟ್ಟಣೆ ಶುಲ್ಕದಿಂದ ವಿನಾಯಿತಿ ದೊರೆತ ಕಾರಣ ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಅದಕ್ಕೆ ಬೇಡಿಕೆ ಬಂದಿತು. ಹುಟ್ಟಿದೂರಿನಲ್ಲಿ ಅಂಥ ಬೇಡಿಕೆ ಬರಲಿಲ್ಲ.

ಬಾರದಿರಲು ಮುಖ್ಯ ಕಾರಣ ಬ್ಯಾಟರಿ. ಸೀಸ-ಆಮ್ಲ ಬ್ಯಾಟರಿಯನ್ನು ನಿತ್ಯವೂ ಆಳವಾಗಿ ಖಾಲಿ ಮಾಡಿ ತುಂಬುತ್ತ ಹೋದರೆ ಅದರ ಫಲಕಗಳು ಬೇಗ ಸವೆಯುತ್ತವೆ. ಕೆಲವೇ ವರ್ಷಗಳಲ್ಲಿ ಎಂಟನ್ನೂ ಒಟ್ಟಿಗೆ ಬದಲಿಸಬೇಕು. ಪೆಟ್ರೋಲಿನಲ್ಲಿ ದಿನವೂ ಬಿಡಿಗಾಸಾಗಿ ಉಳಿದ ಹಣ ಒಂದೇ ಬಾರಿಗೆ ಇಡಿಗಂಟಾಗಿ ಹೊರಟುಹೋಗುತ್ತಿತ್ತು. 2010ರಲ್ಲಿ ಮಹೀಂದ್ರ ಸಂಸ್ಥೆ ಆ ಕಂಪನಿಯ ಬಹುಪಾಲನ್ನು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ 'ಇ2ಒ' ಕಾರು ಬಂದಿತು. ಕೆಲವು ವರ್ಷಗಳಲ್ಲಿ ಅದೂ ನಿಂತಿತು. ಆದರೆ ಅದೇ ಪರಂಪರೆಯ ಕಂಪನಿ 2018ರಲ್ಲಿ 'ಟ್ರಿಯೊ' ಎಂಬ ವಿದ್ಯುತ್ ಆಟೋರಿಕ್ಷಾವನ್ನು ತಂದಾಗ ಅದು ಬೇರೂರಿತು. ಮನೆಯ ಕಾರಾಗಿ ನೆಲೆ ನಿಲ್ಲದ ಜ್ಞಾನ ಬಾಡಿಗೆಯ ಆಟೋ ಆಗಿ ಅನ್ನ ದುಡಿಯಿತು. ಇದು ಹೇಗಾಯಿತು ಎಂಬುದನ್ನು ಯೋಚಿಸಬೇಕು.

ಬ್ಯಾಟರಿ ಅಗ್ಗವಾಯಿತು ಎಂಬುದು ಒಂದು ಉತ್ತರ. ಅದು ನಿಜವೂ ಹೌದು. ಲಿಥಿಯಂ ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆ 2010ರಲ್ಲಿ ಒಂದು ಯೂನಿಟ್ ಸಾಮರ್ಥ್ಯಕ್ಕೆ 1000 ಡಾಲರಿಗೂ ಹೆಚ್ಚಿತ್ತು. 2024ರಲ್ಲಿ ಅದು ಸುಮಾರು 115 ಡಾಲರಿಗೆ ಇಳಿಯಿತು. ಈ ಲೆಕ್ಕದಲ್ಲಿ ಸಾಧಾರಣ ಕಾರಿಗೆ ಬೇಕಾದ 30 ಯೂನಿಟ್ಟಿನ ಬ್ಯಾಟರಿಗೆ ತಯಾರಿಕೆಯ ಹಂತದಲ್ಲಿಯೇ ಸುಮಾರು 3 ಲಕ್ಷ ರೂಪಾಯಿ ಆಗುತ್ತದೆ. ಕಬ್ಬಿಣ-ಫಾಸ್ಫೇಟ್ ಬಗೆಯ ಲಿಥಿಯಂ ಬ್ಯಾಟರಿಗೆ ಕೋಬಾಲ್ಟ್ ಆಗಲಿ ನಿಕ್ಕಲ್ ಆಗಲಿ ಬೇಡ. ಅದು ಬಾಳುವುದೂ ಹೆಚ್ಚು ಕಾಲ. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಷ್ಟರವರೆಗೆ ಖಾತರಿ ಕೊಟ್ಟಿವೆ. ಈ ಎರಡು ಅಂಕಿಗಳನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಒಂದು ಲೆಕ್ಕ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಕಾರು ಲೀಟರಿಗೆ 15 ಕಿ.ಮೀ. ಎಂದು ಹಿಡಿದರೆ ಕಿಲೋಮೀಟರಿಗೆ 6 ರೂಪಾಯಿ 70 ಪೈಸೆ. ವಿದ್ಯುತ್ ಕಾರು ಒಂದು ಯೂನಿಟ್ಟಿಗೆ 7 ಕಿ.ಮೀ., ಯೂನಿಟ್ಟಿಗೆ 8 ರೂಪಾಯಿ ಎಂದರೆ ಕಿಲೋಮೀಟರಿಗೆ 1 ರೂಪಾಯಿ 15 ಪೈಸೆ. ಉಳಿತಾಯ ಐದೂವರೆ ರೂಪಾಯಿ. ವಿದ್ಯುತ್ ಕಾರಿಗೆ 4 ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದರೆ ಅದು ಮರಳಿ ಬರಲು ಸುಮಾರು 73,000 ಕಿ.ಮೀ. ಓಡಬೇಕು.

ಯಲಹಂಕದ ಗೃಹಸ್ಥರೊಬ್ಬರು ವರ್ಷದಲ್ಲಿ 300 ದಿನ, ದಿನಕ್ಕೆ 20 ಕಿ.ಮೀ. ಓಡಿಸುತ್ತಾರೆ ಎಂದುಕೊಳ್ಳಿ. ವರ್ಷಕ್ಕೆ 6000 ಕಿ.ಮೀ. ಹಾಕಿದ ಹಣ ಮರಳಲು 12 ವರ್ಷ ಬೇಕು. ಬೆಲೆಯ ಅಂತರ ಅರ್ಧಕ್ಕಿಳಿದರೂ 6 ವರ್ಷ. ಅದೇ ಕಾರು ವಿಮಾನನಿಲ್ದಾಣದ ಟ್ಯಾಕ್ಸಿಯಾಗಿ ದಿನಕ್ಕೆ 150 ಕಿ.ಮೀ. ಓಡಿದರೆ ಇಪ್ಪತ್ತು ತಿಂಗಳು ಸಾಕು. ಹೊರಗಿನ ಚಾರ್ಜಿಂಗ್ ಕೇಂದ್ರದಲ್ಲಿ ದುಪ್ಪಟ್ಟು ದರ ತೆತ್ತರೂ ಎರಡು ವರ್ಷದ ಆಸುಪಾಸಿನಲ್ಲಿ ಹಣ ಮರಳುತ್ತದೆ.

ಬ್ಯಾಟರಿಯೊಂದನ್ನೇ ತೆಗೆದುಕೊಂಡರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಗೃಹಸ್ಥರ ಕಾರು ಖಾತರಿಯ 8 ವರ್ಷದಲ್ಲಿ ಓಡುವುದು 48,000 ಕಿ.ಮೀ.; 3 ಲಕ್ಷದ ಬ್ಯಾಟರಿಗೆ ಕಿಲೋಮೀಟರಿಗೆ 6 ರೂಪಾಯಿ 25 ಪೈಸೆ ಬೀಳುತ್ತದೆ. ಟ್ಯಾಕ್ಸಿ 1,60,000 ಕಿ.ಮೀ. ಪೂರೈಸಿದಾಗ ಅದೇ ಬ್ಯಾಟರಿಗೆ 1 ರೂಪಾಯಿ 90 ಪೈಸೆ. ಎಂಟು ವರ್ಷ ತುಂಬಿದ ದಿನವೇ ಬ್ಯಾಟರಿ ಸಾಯುವುದಿಲ್ಲ ಎಂಬುದು ನಿಜ. ಆದರೆ ಲಿಥಿಯಂ ಬ್ಯಾಟರಿ ಓಡಿದರೆ ಮಾತ್ರ ಸವೆಯುವ ವಸ್ತುವಲ್ಲ. ನಿಂತಲ್ಲಿಯೇ ಅದಕ್ಕೆ ವಯಸ್ಸಾಗುತ್ತದೆ. ಸದಾ ಪೂರ್ತಿ ತುಂಬಿ ಬಿಸಿಲಿನಲ್ಲಿ ನಿಲ್ಲಿಸಿದರಂತೂ ಮುಪ್ಪು ಇನ್ನೂ ಬೇಗ ಬರುತ್ತದೆ.

ಕೃಷಿಕರಿಗೆ ಇದು ಅರ್ಥವಾಗದ ಮಾತಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿಗೂ ಮೇವು ಬೇಕು. ಉಳದಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಎರಡು ಎಕರೆಯ ರೈತ ಟ್ರಾಕ್ಟರ್ ಕೊಳ್ಳುವುದಿಲ್ಲ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆಸುತ್ತಾನೆ. ಹಳ್ಳಿಯಲ್ಲಿ ಸಾಮಾನ್ಯ ವಿವೇಕವಾಗಿರುವ ಈ ಸಂಗತಿ ನಗರದಲ್ಲಿ ವಾಹನದ ಮಾತು ಬಂದಾಗ ಮರೆತುಹೋಗುತ್ತದೆ.

ಇನ್ನು ಬಳಕೆಯ ತೊಡಕುಗಳು. ಆರ್.ಟಿ. ನಗರದ ಚಿಕ್ಕ ನಿವೇಶನಗಳಲ್ಲಿ ಎರಡು-ಮೂರು ಅಂತಸ್ತಿನ ಮನೆಗಳಿವೆ. ಬಾಡಿಗೆದಾರರ ಕಾರು ರಾತ್ರಿ ಬೀದಿಯಲ್ಲಿ ನಿಲ್ಲುತ್ತದೆ. ಅದಕ್ಕೆ ಪ್ಲಗ್ ಎಲ್ಲಿಂದ ಬರಬೇಕು? ಎರಡನೆಯ ಮಹಡಿಯಿಂದ ಕಾಲುದಾರಿಯ ಮೇಲೆ ತಂತಿ ಇಳಿಬಿಡುವುದು ಮಳೆಗಾಲದಲ್ಲಿ ಪ್ರಾಣಕ್ಕೆ ಸಂಚಕಾರ. ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ಹರಿಯುತ್ತದೆ. 30 ಯೂನಿಟ್ ತುಂಬಲು ಹತ್ತು ಗಂಟೆ ಬೇಕು. ರಜೆಗೆ ಯಲಹಂಕದಿಂದ ಸಾಗರಕ್ಕೆ ಹೊರಟರೆ 350 ಕಿ.ಮೀ.ಗೂ ಹೆಚ್ಚಿನ ದಾರಿ. ಅಂಥ ಕಾರು ನಡುವೆ ನಿಂತು ವಿದ್ಯುತ್ ತುಂಬಿಕೊಳ್ಳಲೇಬೇಕು. ಸ್ವಂತ ನಿಲುಗಡೆ, ಸ್ವಂತ ಮೀಟರ್, ನಿತ್ಯ ಹೆಚ್ಚಿನ ಓಡಾಟ ಮೂರೂ ಉಳ್ಳವರಿಗೆ ವಿದ್ಯುತ್ ಕಾರು ಖಂಡಿತ ಒಪ್ಪುತ್ತದೆ. ಮೂರೂ ಇರುವವರು ಎಷ್ಟು ಮಂದಿ ಎಂಬುದೇ ಪ್ರಶ್ನೆ.

ಹಾಗಾದರೆ ಬ್ಯಾಟರಿಗೆ ತಕ್ಕ ದುಡಿಮೆ ಎಲ್ಲಿದೆ? ಉತ್ತರ ಬೆಂಗಳೂರಿನಲ್ಲಿಯೇ ಅದು ಕಾಣುತ್ತದೆ. ಬಿಎಂಟಿಸಿ 2021ರ ಡಿಸೆಂಬರಿನಲ್ಲಿ ಚಿಕ್ಕ ವಿದ್ಯುತ್ ಬಸ್ಸುಗಳನ್ನು ರಸ್ತೆಗಿಳಿಸಿತು. ಅವುಗಳ ಘಟಕಗಳಲ್ಲಿ ಯಶವಂತಪುರವೂ ಒಂದು. 2022ರ ಆಗಸ್ಟಿನಲ್ಲಿ 12 ಮೀಟರಿನ 300 ಬಸ್ಸುಗಳ ಮೊದಲ ತಂಡ ಹೊರಟಾಗ ಯಲಹಂಕದ ಘಟಕ ಅವುಗಳ ನೆಲೆಯಾಯಿತು. ಬಸ್ಸು ಕೊಂಡು ನಡೆಸುವುದು ಕಂಪನಿ. ನಿಗಮ ಕೊಡುವುದು ಓಡಿದ ಕಿಲೋಮೀಟರಿಗೆ ಇಂತಿಷ್ಟು ಹಣ. ನಿಂತ ಬಸ್ಸಿಗೆ ಗಳಿಕೆಯಿಲ್ಲವಾದ್ದರಿಂದ ಬ್ಯಾಟರಿಯನ್ನು ದುಡಿಸಲೇಬೇಕಾಗುತ್ತದೆ. ಈ ವ್ಯವಸ್ಥೆಯಲ್ಲಿ ಚಾಲಕ ನಿಗಮದ ನೌಕರನಲ್ಲ, ಕಂಪನಿಯ ನೌಕರ ಎಂಬ ಕೊರತೆಯಿದೆ. ಅವನ ವೇತನ, ವಿಶ್ರಾಂತಿ, ತರಬೇತಿಗಳನ್ನು ಕರಾರಿನಲ್ಲಿಯೇ ಭದ್ರಪಡಿಸದೆ ಅಗ್ಗದ ದರವನ್ನು ಸಾಧನೆ ಎನ್ನುವುದು ಸರಿಯಲ್ಲ.

ಬಸ್ಸಿನ ಲೆಕ್ಕವನ್ನೂ ನೋಡೋಣ. ದೊಡ್ಡ ಬಸ್ಸಿಗೆ 240 ಯೂನಿಟ್ಟಿನ ಬ್ಯಾಟರಿ ಎಂದು ಹಿಡಿದರೆ ಅದು 8 ಕಾರುಗಳ ಬ್ಯಾಟರಿಗೆ ಸಮ. ಒಂದೊಂದು ಕಾರಿನಲ್ಲಿ ಸರಾಸರಿ ಒಂದೂವರೆ ಮಂದಿ, ದಿನಕ್ಕೆ 20 ಕಿ.ಮೀ. ಎಂದರೆ ಎಂಟು ಕಾರುಗಳಿಂದ ಆಗುವ ಕೆಲಸ 240 ಪ್ರಯಾಣಿಕ-ಕಿಲೋಮೀಟರ್. ಬಸ್ಸು ಸರಾಸರಿ 30 ಮಂದಿಯನ್ನು ಹೊತ್ತು 200 ಕಿ.ಮೀ. ಓಡಿದರೆ 6000. ಅಷ್ಟೇ ಲಿಥಿಯಂ, ಅಷ್ಟೇ ತಾಮ್ರ. ಕೆಲಸ ಮಾತ್ರ ಇಪ್ಪತ್ತೈದು ಪಟ್ಟು. ಯಶವಂತಪುರದ ಎಪಿಎಂಸಿ ಪ್ರಾಂಗಣದಿಂದ ಅಂಗಡಿಗಳಿಗೆ ಮೂಟೆ ಸಾಗಿಸುವ ವಿದ್ಯುತ್ ಆಟೋಗೂ ಇದೇ ಮಾತು ಒಪ್ಪುತ್ತದೆ. ಚಿಕ್ಕ ಬ್ಯಾಟರಿ, ದಿನವಿಡೀ ದುಡಿಮೆ.

ಈ ಲೆಕ್ಕ ಜೇಬಿನದು ಮಾತ್ರವಲ್ಲ, ಭೂಮಿಯದೂ ಹೌದು. ಮಂಡ್ಯ ಜಿಲ್ಲೆಯ ಮರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ 1600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದೆ. 30 ಯೂನಿಟ್ಟಿನ ಬ್ಯಾಟರಿಗೆ ಸುಮಾರು 3 ಕಿಲೋ ಲಿಥಿಯಂ ಬೇಕು. ಆ ನೆಲವನ್ನೆಲ್ಲ ಅಗೆದು ಒಂದು ಗ್ರಾಂ ಕೂಡ ಪೋಲಾಗದಂತೆ ತೆಗೆದರೂ ಆಗುವುದು ಐದು ಲಕ್ಷ ಕಾರುಗಳಿಗೆ ಸಾಲುವಷ್ಟು. ಬೆಂಗಳೂರಿನ ಕಾರುಗಳೇ 20 ಲಕ್ಷಕ್ಕೂ ಹೆಚ್ಚಿವೆ. ಪೆಟ್ರೋಲ್ ಕಾರು ಒಂದಕ್ಕೆ ವಿದ್ಯುತ್ ಕಾರು ಒಂದು ಎಂಬ ಬದಲಾವಣೆ ಈ ನೆಲದ ಶಕ್ತಿಗೆ ಮೀರಿದ್ದು.

ದುಡಿದು ಮುಗಿದ ಬ್ಯಾಟರಿಯ ಗತಿಯನ್ನೂ ಮರೆಯಬಾರದು. ಹಳೆಯ ಸೀಸದ ಬ್ಯಾಟರಿಗೆ ಕನಿಷ್ಠ ಗುಜರಿಯ ಬೆಲೆಯಿತ್ತು. ಆದರೆ ಗಲ್ಲಿಯ ಕುಲುಮೆಗಳಲ್ಲಿ ಅದನ್ನು ಒಡೆದು ಕರಗಿಸಿದ ಕಡೆ ಸೀಸ ಮಣ್ಣು ಸೇರಿತು. ಮಣ್ಣು ಸೇರಿದ ಸೀಸ ಕೊಳೆಯುವುದಿಲ್ಲ. ಮೇಲ್ಪದರದಲ್ಲಿಯೇ ತಲೆಮಾರುಗಳ ಕಾಲ ಉಳಿದು, ಧೂಳಿನ ಮೂಲಕವೂ ಸೊಪ್ಪಿಗೆ ಅಂಟಿದ ಮಣ್ಣಿನ ಮೂಲಕವೂ ಮಕ್ಕಳ ದೇಹ ಸೇರುತ್ತದೆ. ಲಿಥಿಯಂ ಬ್ಯಾಟರಿಯನ್ನು ಹಾಗೆ ಒಡೆಯಹೋದರೆ ಬೆಂಕಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹತ್ತು ಬಸ್ ಘಟಕಗಳಲ್ಲಿರುವ ಬ್ಯಾಟರಿಯ ಲೆಕ್ಕ ಇಡುವುದು ಸುಲಭ. ಹತ್ತು ಲಕ್ಷ ಮನೆಗಳಲ್ಲಿ ಚದುರಿದ್ದರ ಲೆಕ್ಕ ಇಡುವುದು ಕಷ್ಟ.

ಕೊನೆಯದಾಗಿ ಮಲೆನಾಡಿಗೆ ನೇರವಾಗಿ ತಟ್ಟುವ ಮಾತು. ಸಂಜೆ ಏಳಕ್ಕೆ ಮನೆ ಸೇರಿದ ಕಾರನ್ನು ಆಗಲೇ ಪ್ಲಗ್ಗಿಗೆ ಸಿಕ್ಕಿಸಲಾಗುತ್ತದೆ. ಆ ಹೊತ್ತಿಗೆ ಪಾವಗಡದ 2050 ಮೆಗಾವ್ಯಾಟಿನ ಸೌರ ಉದ್ಯಾನ ಕತ್ತಲಾಗಿರುತ್ತದೆ. ಆಗ ದುಡಿಯಬೇಕಾದದ್ದು ರಾಯಚೂರಿನ ಕಲ್ಲಿದ್ದಲು ಮತ್ತು ಶರಾವತಿಯ ನೀರು. ಹಗಲಿನ ವಿದ್ಯುತ್ತನ್ನು ಸಂಜೆಗೆ ಎತ್ತಿಡಬೇಕೆಂಬ ವಾದದ ಮೇಲೆಯೇ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿತು. ನೀರನ್ನು ಮೇಲಕ್ಕೆತ್ತಿ ಕೆಳಗಿಳಿಸುವ ಈ ವಿಧಾನದಲ್ಲಿ ಹಾಕಿದ ವಿದ್ಯುತ್ತಿನ ಐದನೆಯ ಒಂದು ಭಾಗವಾದರೂ ನಷ್ಟವಾಗುತ್ತದೆ. ವಿದ್ಯುತ್ ಕಾರುಗಳಿಂದಲೇ ಈ ಯೋಜನೆ ಹುಟ್ಟಿತು ಎನ್ನುವುದು ಸತ್ಯಕ್ಕೆ ದೂರ. ಆದರೆ ಸಂಜೆಯ ಬೇಡಿಕೆ ಏರಿದಷ್ಟೂ ಅಂಥ ವಾದಕ್ಕೆ ಬಲ ಬರುತ್ತದೆ. ನಗರದ ಕಾರಿನೊಳಗೆ ಕಾಣುವ ಬ್ಯಾಟರಿಯ ಹಿಂದೆ, ಕಾಡಿನ ಕಣಿವೆಯಲ್ಲಿ ಕಾಣದ ಇನ್ನೊಂದು ಬ್ಯಾಟರಿ ಇರುತ್ತದೆ.

ಇದರ ಅರ್ಥ ವಿದ್ಯುತ್ ವಾಹನ ಬೇಡವೆಂದಲ್ಲ. ಹೆಬ್ಬಾಳದ ಹೊಗೆ ಕುಡಿಯುವ ಸಂಚಾರಿ ಪೊಲೀಸನಿಗೂ ಬೀದಿಬದಿಯ ಹೂವಾಡಗಿತ್ತಿಗೂ ಅದು ಬೇಕೇ ಬೇಕು. ಪ್ರಶ್ನೆ ಇರುವುದು ಆದ್ಯತೆಯದು. ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲಿ ಮೊದಲು ರೂಪಿಸಿದ ರಾಜ್ಯ ಕರ್ನಾಟಕ, ಅದು 2017ರಲ್ಲಿ. 25 ಲಕ್ಷ ರೂಪಾಯಿಗೂ ಮೇಲಿನ ವಿದ್ಯುತ್ ಕಾರುಗಳಿಗೆ 2024ರಲ್ಲಿ ಶೇಕಡ 10ರ ತೆರಿಗೆ ಹಾಕಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಮುಂದಿನ ಹೆಜ್ಜೆಯೆಂದರೆ, ರಿಯಾಯಿತಿಯನ್ನು ವಾಹನದ ಒಡೆತನಕ್ಕೆ ಕೊಡದೆ ಅದರ ದುಡಿಮೆಗೆ ಕೊಡುವುದು. ಮೊದಲು ಬಸ್ಸು, ಅನಂತರ ಆಟೋ ಮತ್ತು ಸರಕು ವಾಹನ, ಆಮೇಲೆ ಟ್ಯಾಕ್ಸಿ, ಕೊನೆಗೆ ಮನೆಯ ಕಾರು. ಮಧ್ಯಾಹ್ನ ಬಿಸಿಲಿರುವಾಗ ಬಸ್ ಘಟಕಗಳಲ್ಲಿ ಚಾರ್ಜಿಂಗ್ ನಡೆದರೆ ಸಂಜೆಯ ಹೊರೆಯೂ ತಗ್ಗುತ್ತದೆ.

ದಿನಕ್ಕೆ 20 ಕಿ.ಮೀ. ಓಡುವವರು ಇರುವ ಕಾರನ್ನೇ ಇನ್ನಷ್ಟು ವರ್ಷ ಬಾಳಿಸಿ, ವಾರದಲ್ಲಿ ನಾಲ್ಕು ದಿನ ಬಸ್ಸು ಹತ್ತಿದರೆ ಹಣವೂ ಉಳಿಯುತ್ತದೆ, ಹೊಗೆಯೂ ಇಳಿಯುತ್ತದೆ. ಹೊಸ ಕಾರಿನ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಕುಳಿತು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಎತ್ತಿಗೆ ಉಳಲು ಹೊಲ ಎಷ್ಟಿದೆ?