ಸೊಂಟ ಮುರಿದ ಮೇಲೆ



ಕಳೆದ ಮಳೆಗಾಲದಲ್ಲಿ ನಮ್ಮ ಅಜ್ಜಿ ಬಚ್ಚಲುಮನೆಯ ಬಾಗಿಲಲ್ಲಿ ಜಾರಿದರು. ಬಿದ್ದರು ಅನ್ನುವಷ್ಟೂ ಇಲ್ಲ, ಕುಸಿದು ಕೂತರು ಅಷ್ಟೆ. ಏಳಲಾಗಲಿಲ್ಲ. ಬಲಗಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿಕೊಂಡಿತ್ತು. ಊರಿನಿಂದ ದೊಡ್ಡಪ್ಪನ ಫೋನು: "ಎಂಬತ್ತೆರಡನೇ ವಯಸ್ಸಿಗೆ ಆಪರೇಶನ್ ಯಾಕೋ? ಎಣ್ಣೆ ಹಚ್ಚಿ ಮಲಗಿಸಿ." ನಿಜ ಹೇಳಬೇಕೆಂದರೆ ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ಮಲಗಿಸಿದರೆ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಅದಕ್ಕೇ ವೈದ್ಯರು ಆದಷ್ಟೂ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ಹಿಡಿದು ನಿಲ್ಲಿಸಲು ನೋಡುತ್ತಾರೆ.

ನಾನು ಓದಿದ್ದು ಕನ್ನಡ ಬಿ.ಎ.; ಮುಂದಿನದೆಲ್ಲ ಡಾಕ್ಟರು ಹಾಳೆಯ ಮೇಲೆ ಬರೆದು ತೋರಿಸಿದ್ದು. ಸೊಂಟ ಮುರಿಯಿತು ಅಂದಾಗ ಸಾಮಾನ್ಯವಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಅಲ್ಲೊಂದು ಚೆಂಡು, ಅದರ ಕೆಳಗೆ ಕುತ್ತಿಗೆ. ಕುತ್ತಿಗೆ ಮುರಿದು ಸರಿದರೆ ಚೆಂಡಿಗೆ ಹೋಗುವ ರಕ್ತವೇ ನಿಲ್ಲಬಹುದು. ಹಾಗಾಗಿ ವಯಸ್ಸಾದವರಿಗೆ ಚೆಂಡನ್ನು ತೆಗೆದು ಲೋಹದ್ದನ್ನು ಕೂರಿಸುವುದೇ ಹೆಚ್ಚು. ಕುತ್ತಿಗೆಯ ಕೆಳಗೆ ಮುರಿದರೆ ರಕ್ತಕ್ಕೆ ಅಷ್ಟು ತೊಂದರೆಯಿಲ್ಲ. ರಾಡು, ಸ್ಕ್ರೂ ಹಾಕಿ ಹಿಡಿಸುತ್ತಾರೆ. ಅಜ್ಜಿಯದು ಈ ಬಗೆ. ಆದರೆ ಆಸ್ಟಿಯೊಪೊರೋಸಿಸ್‌ನಿಂದ ಟೊಳ್ಳಾದ ಮೂಳೆಗೆ ಸ್ಕ್ರೂ ಅಂದರೆ ಗೆದ್ದಲು ತಿಂದ ತೊಲೆಗೆ ಹೊಡೆದ ಮೊಳೆ! ಚೆಂಡಿನ ನಡುವೆ, ಆಳಕ್ಕೆ ಕೂರದಿದ್ದರೆ ಅದು ಮೂಳೆಯನ್ನು ಸೀಳಿಕೊಂಡು ಹೊರಬರಬಹುದಂತೆ.

ಬೀಳದೆಯೇ ಮೂಳೆ ಮುರಿದಿದ್ದರೆ ಕ್ಯಾನ್ಸರ್ ಹರಡಿದೆಯೇ ಎಂದೂ ನೋಡಬೇಕಾಗುತ್ತದೆ. ಆಗ ಚಿಕಿತ್ಸೆಯ ದಾರಿಯೇ ಬೇರೆ.

ಅಜ್ಜಿಯ ಆಪರೇಶನ್ ಚೆನ್ನಾಗಿಯೇ ಆಯಿತು. ತಪ್ಪಿದ್ದು ಆಮೇಲೆ. ಮುರಿದದ್ದು ಕೂಡಿತೆಂದು ನಾವು ನಿಶ್ಚಿಂತರಾದೆವು. ಟೊಳ್ಳು ಮೂಳೆ ಟೊಳ್ಳಾಗಿಯೇ ಇತ್ತು. ಎರಡು ವರ್ಷದ ಹಿಂದೆ ಅಂಗಳದಲ್ಲಿ ಎಡವಿ ಮಣಿಕಟ್ಟು ಮುರಿದಾಗಲೇ ಅದು ಮುನ್ಸೂಚನೆ ಕೊಟ್ಟಿತ್ತು. ಪ್ಲಾಸ್ಟರ್ ಬಿಚ್ಚಿಸಿ ಮರೆತಿದ್ದೆವು.

ಇದಕ್ಕೆ ಔಷಧಿಯಿದೆ. ಸೊಂಟದ ಶಸ್ತ್ರಚಿಕಿತ್ಸೆಯಾದವರಿಗೆ ವರ್ಷಕ್ಕೊಮ್ಮೆ ಜೊಲೆಡ್ರಾನಿಕ್ ಆಸಿಡ್ ಡ್ರಿಪ್ ಕೊಟ್ಟು ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹೊಸ ಮುರಿತಗಳು ಶೇ. 35ರಷ್ಟು ಕಡಿಮೆಯಾಗಿದ್ದವು, ಸಾವುಗಳೂ ಇಳಿದಿದ್ದವು. ಕೊಡುವ ಮೊದಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಬೇಕು. ಎಲ್ಲರಿಗೂ ಇದೇ ಔಷಧಿ ಅಂತಲ್ಲ, ಅದನ್ನು ವೈದ್ಯರು ಹೇಳಬೇಕು.

ನಿಮ್ಮ ಮನೆಯಲ್ಲಿ ಇಂಥದ್ದಾದರೆ, ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮೊದಲೇ "ಮೂಳೆಗೆ ಏನು ಔಷಧಿ, ಡಾಕ್ಟ್ರೇ?" ಎಂದು ಕೇಳಿ. ನಾವು ಕೇಳಿದ್ದು ಮೂರು ತಿಂಗಳ ಮೇಲೆ, ಅಜ್ಜಿ ವಾಕರ್ ಹಿಡಿದು ಅದೇ ಬಚ್ಚಲಿನ ಹೊಸ್ತಿಲಲ್ಲಿ ಮತ್ತೊಮ್ಮೆ ತಡವರಿಸಿದಾಗ.