ಹೊಲಿಗೆ ಶಾಲೆಯಲ್ಲಿ ಕಲಿತ ಕವಿತೆ

(ಬಂಗೂರನಗರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಸಭೆಯಲ್ಲಿ ಕವಿತೆಯ ಬಗ್ಗೆ ಮಾತಾಡಬೇಕು ಎಂದು ಕರೆದಾಗ ನಾನೇ ಹಿಂಜರಿದೆ. ಕಂತು, ಬಡ್ಡಿ, ವಾರದ ಉಳಿತಾಯ ಇವುಗಳ ನಡುವೆ ಕವಿತೆಗೇನು ಕೆಲಸ ಎಂದೆ. ಕರೆಯಲು ಬಂದ ತಂಗಿ, "ಮೇಡಮ್, ನೀವು ಇಷ್ಟು ವರ್ಷ ಕಲಿಸಿದ್ದು ಅದನ್ನ ಅಲ್ಲೇನ್ರಿ? ಅದರಾಗ ನಮ್ಮಂಥವರು ಯಾರಾರ ಇದ್ದರ ಹೇಳ್ರಿ" ಎಂದಳು. ಆ ಮಾತು ನನ್ನನ್ನು ಒಂದು ವಾರ ಕಾಡಿತು. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಛಂದಸ್ಸು, ಪ್ರತಿಮೆ, ಧ್ವನಿ ಎಲ್ಲ ವಿವರಿಸಿದ್ದೇನೆ. ಬರೆದವಳು ಎಲ್ಲಿ ಕೂತು ಬರೆದಳು, ಯಾರ ಕಣ್ಣು ತಪ್ಪಿಸಿ ಬರೆದಳು, ಬರೆದದ್ದಕ್ಕೆ ಏನು ತೆತ್ತಳು ಎಂಬುದನ್ನು ಮಾತ್ರ ಹೇಳಲೇ ಇಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿರಲಿಲ್ಲ.

ನಮ್ಮದು ಕಾಗದದ ಊರು. 1955ರಲ್ಲಿ ಮಿಲ್ಲು ಸ್ಥಾಪನೆಯಾದಾಗಿನಿಂದ ಈ ಊರಿನ ಅನ್ನ ಕಾಗದದಿಂದಲೇ. ಹಾಗಾಗಿ ಬರೆಯಲು ಒಂದು ಹಾಳೆ ಕಾಗದ ಸಿಗದಿದ್ದ ಹೆಂಗಸಿನಿಂದಲೇ ಶುರುಮಾಡುತ್ತೇನೆ.

ಆಕೆ ತಮಿಳಿನ ಕವಿ ಸಲ್ಮಾ. ಹುಟ್ಟಿದ್ದು 1968ರಲ್ಲಿ, ತಿರುಚಿರಾಪಳ್ಳಿ ಜಿಲ್ಲೆಯ ತುವರಂಕುರಿಚಿ ಎಂಬ ಊರಿನಲ್ಲಿ. ಹನ್ನೆರಡು-ಹದಿಮೂರು ವಯಸ್ಸಿಗೆ ಶಾಲೆ ಬಿಡಿಸಿ ಮನೆಯೊಳಗೆ ಕೂರಿಸಿದರು. ದಿನಸಿ ಕಟ್ಟಿಕೊಂಡು ಬಂದ ಪತ್ರಿಕೆಯ ಚೂರುಗಳನ್ನೇ ಬಿಡಿಸಿ ಓದುತ್ತಿದ್ದಳಂತೆ. ಮದುವೆ ಬೇಡವೆಂದು ವರ್ಷಗಟ್ಟಲೆ ಹಟ ಹಿಡಿದಳು. ಕೊನೆಗೆ ತಾಯಿಯ ಕಾಯಿಲೆಯ ಮಾತು ಹೇಳಿ ಒಪ್ಪಿಸಿದರು. ಗಂಡನ ಮನೆಯಲ್ಲಿ ಬರೆಯುವುದಕ್ಕೆ ತಡೆ. ಬರೆದಿಟ್ಟದ್ದು ಸಿಕ್ಕರೆ ಹರಿದುಹಾಕುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪಾಯಖಾನೆಯಲ್ಲಿ ನಿಂತು, ಕ್ಯಾಲೆಂಡರಿನ ಹರಿದ ಹಾಳೆಗಳ ಮೇಲೆ ಆಕೆ ಕವಿತೆ ಬರೆದಳು. ಆ ಚೂರುಗಳನ್ನು ಗುಟ್ಟಾಗಿ ಹೊರಗೆ ಸಾಗಿಸಿ ಪ್ರಕಾಶಕರಿಗೆ ಮುಟ್ಟುವಂತೆ ಮಾಡಿದವಳು ಆಕೆಯ ತಾಯಿ.

ಯಾವ ತಾಯಿಯ ಹೆಸರು ಹೇಳಿ ಮದುವೆಗೆ ಒಪ್ಪಿಸಿದರೋ ಅದೇ ತಾಯಿ. ನಮ್ಮಲ್ಲಿ ಬಹಳಷ್ಟು ಜನ ಈ ಎರಡೂ ಕೆಲಸ ಮಾಡಿದವರೇ ಇದ್ದೇವೆ. ಮಗಳ ಮದುವೆಗೆಂದು ಸಂಘದಲ್ಲಿ ಸಾಲ ಎತ್ತಿ ಹುಂಡಾ ಕೊಟ್ಟವರೂ ನಾವೇ, ಆಮೇಲೆ ಅವಳಿಗಾಗಿ ಕದ್ದು ಅತ್ತವರೂ ನಾವೇ.

ಸಲ್ಮಾ ಎಂಬುದು ಆಕೆಯ ನಿಜವಾದ ಹೆಸರಲ್ಲ, ಗುರುತು ಸಿಗಬಾರದೆಂದು ಇಟ್ಟುಕೊಂಡದ್ದು. ನಮ್ಮ ಕುಂದಾಪುರದ ವೈದೇಹಿಯವರ ಹೆಸರಿನ ಕಥೆಯೂ ಇದಕ್ಕೆ ಹತ್ತಿರ. ಜಾನಕಿ ಶ್ರೀನಿವಾಸಮೂರ್ತಿ ಎಂಬ ಗೃಹಿಣಿ 'ಸುಧಾ' ವಾರಪತ್ರಿಕೆಗೆ ಕಥೆ ಕಳಿಸಿ, ಆಮೇಲೆ ಅದು ನಡೆದ ಸಂಗತಿ, ಪ್ರಕಟಿಸಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಹೆಸರು ಬದಲಿಸಿ ಪ್ರಕಟಿಸಿದರು. ಆ ಹೆಸರೇ ಉಳಿಯಿತು. ಅವರ ಮೊದಲ ಕವನ ಸಂಕಲನ 'ಬಿಂದು ಬಿಂದಿಗೆ' 1990ರಲ್ಲಿ ಬಂತು. ನಡೆದದ್ದನ್ನು ನಡೆದದ್ದು ಎಂದು ಹೇಳಲು ಹೆಂಗಸಿಗೆ ಬೇರೊಂದು ಹೆಸರಿನ ಮರೆ ಬೇಕಾಗುತ್ತದೆ ನೋಡಿ.

2001ರಲ್ಲಿ ಸಲ್ಮಾಳ ಊರಿನ ಪಂಚಾಯ್ತಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ರಾಜಕೀಯದಲ್ಲಿದ್ದ ಗಂಡ ಹೆಂಡತಿಯನ್ನು ನಿಲ್ಲಿಸಿದ. ಇಂಥದ್ದು ಹಳಿಯಾಳ-ಜೋಯಿಡಾ ಕಡೆಯವರಿಗೆ ಹೊಸದಲ್ಲ! ಆದರೆ ಗೆದ್ದ ಮೇಲೆ ಆಕೆ ತಾನೇ ಅಧ್ಯಕ್ಷೆಯಾದಳು. ಅದುವರೆಗೆ ಬಚ್ಚಿಟ್ಟ ಹೆಸರು ಬಯಲಾಯಿತು. 2025ರಲ್ಲಿ ಆಕೆ ರಾಜ್ಯಸಭೆಗೆ ಹೋದಳು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇನ್ನೊಬ್ಬಳ ವಿಷಯ.

ಅಫಘಾನಿಸ್ತಾನದ ಹೇರಾತ್ ನಗರದಲ್ಲಿ 1980ರಲ್ಲಿ ಹುಟ್ಟಿದ ನಾದಿಯಾ ಅಂಜುಮನ್. 1995ರಲ್ಲಿ ತಾಲಿಬಾನ್ ಆ ಊರನ್ನು ಹಿಡಿದಾಗ ಹೆಣ್ಣುಮಕ್ಕಳ ಶಾಲೆ ಮುಚ್ಚಿತು. ಹೊಲಿಗೆ ಕಲಿಯಲು ಮಾತ್ರ ಅಡ್ಡಿಯಿರಲಿಲ್ಲ. ಅದನ್ನೇ ಹಿಡಿದು ಅಲ್ಲಿನ ಕೆಲವು ಹೆಂಗಸರು 'ಬಂಗಾರದ ಸೂಜಿ' ಎಂಬ ಹೊಲಿಗೆ ಶಾಲೆ ನಡೆಸಿದರು. ವಾರಕ್ಕೆ ಮೂರು ಸಲ ಬುರ್ಖಾ ತೊಟ್ಟು ಬರುವರು. ಚೀಲದಲ್ಲಿ ಮೇಲೆ ಬಟ್ಟೆ, ಕತ್ತರಿ. ಕೆಳಗೆ ನೋಟುಪುಸ್ತಕ, ಪೆನ್ನು. ಒಳಗೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಸಾಹಿತ್ಯದ ಪಾಠ ಹೇಳುತ್ತಿದ್ದರು. ಹೊರಗೆ ಆಡುವ ಮಕ್ಕಳು ಕಾವಲು. ಪೊಲೀಸರು ಬಂದರೆ ಮಕ್ಕಳಿಂದ ಸೂಚನೆ, ಪುಸ್ತಕ ಮಾಯ, ಕೈಗೆ ಸೂಜಿ-ದಾರ. ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯವಿತ್ತು. ನಮ್ಮ ಹೊಲಿಗೆ ಕ್ಲಾಸುಗಳಲ್ಲಿ ಮಿಷನ್ನಿನ ಸದ್ದಿನ ಮರೆಯಲ್ಲಿ ಹೆಂಗಸರು ಮನೆಯ ಸಂಗತಿ ಮಾತಾಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಹೇರಾತ್ ನನಗೆ ಬಹಳ ದೂರವೆನಿಸುವುದಿಲ್ಲ.

2001ರಲ್ಲಿ ತಾಲಿಬಾನ್ ಆಡಳಿತ ಬಿದ್ದ ಮೇಲೆ ನಾದಿಯಾ ಹೇರಾತ್ ವಿಶ್ವವಿದ್ಯಾಲಯ ಸೇರಿದಳು. 2005ರಲ್ಲಿ 'ಗುಲೆ ದೂದಿ' ಎಂಬ ಕವನ ಸಂಕಲನ ಬಂತು. ಹೊಗೆಬಣ್ಣದ ಹೂವು ಎನ್ನಬಹುದು. ಓದುಗರು ಮೆಚ್ಚಿದರು. ಅದೇ ವರ್ಷ ನವೆಂಬರಿನಲ್ಲಿ, ರಂಜಾನ್ ಹಬ್ಬದ ದಿನಗಳಲ್ಲಿ, ಮನೆಯಲ್ಲಿ ಗಂಡನ ಪೆಟ್ಟು ತಿಂದ ರಾತ್ರಿ ಆಕೆ ಸತ್ತಳು. ಇಪ್ಪತ್ನಾಲ್ಕು ವರ್ಷ. ಆರು ತಿಂಗಳ ಕೂಸು. ಹೊಡೆದದ್ದನ್ನು ಗಂಡ ಒಪ್ಪಿಕೊಂಡ, ಕೊಂದದ್ದನ್ನು ಒಪ್ಪಲಿಲ್ಲ. ವಿಷ ಕುಡಿದಳು ಎಂದ. ಈ ಮಾತನ್ನು ನೀವು ಎಲ್ಲಿಯೂ ಕೇಳಿಲ್ಲವೇ? ನಮ್ಮಲ್ಲಿ ಅದನ್ನು ಸ್ಟೋವ್ ಸಿಡಿಯಿತು, ಬಾವಿಗೆ ಕಾಲು ಜಾರಿತು ಎನ್ನುತ್ತಾರೆ.

ಅದು ಅವರ ದೇಶದ, ಅವರ ಧರ್ಮದ ಮಾತು ಎಂದು ನಮ್ಮಲ್ಲಿ ಕೆಲವರು ಅಂದುಕೊಳ್ಳಬಹುದು. ಹಾಗಲ್ಲ. ಆಕೆ ಸತ್ತಾಗ ತಾಲಿಬಾನ್ ಆಡಳಿತವಿರಲಿಲ್ಲ. ಗಂಡ ಅನಕ್ಷರಸ್ಥನಲ್ಲ, ಸಾಹಿತ್ಯವನ್ನೇ ಓದಿ ಪದವಿ ಪಡೆದವನು. ಮುಂದೆ ನಡೆದದ್ದನ್ನು ಕೇಳಿ. ಊರ ಹಿರಿಯರು ನಾದಿಯಾಳ ಕಾಯಿಲೆಯ ತಂದೆಯ ಹತ್ತಿರ ಹೋಗಿ, ಅಳಿಯನನ್ನು ಕ್ಷಮಿಸಿಬಿಡು ಎಂದು ಒತ್ತಾಯಿಸಿದರೆಂದು ಮನೆಯವರು ಹೇಳಿದ್ದಾರೆ. ತಂದೆ ಒಪ್ಪಿದ. ಗಂಡ ಬೇಗನೆ ಬಿಡುಗಡೆಯಾದ.

ರಾಜಿ! ಪೆಟ್ಟಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ರಾಜಿ. ಪೆಟ್ಟು ಕೊಡುವವನು ಒಬ್ಬ, ರಾಜಿ ಮಾಡಿಸಲು ಊರೇ ಸೇರುತ್ತದೆ.

ಚೆನ್ನೈನ ಕವಿ ಮೀನಾ ಕಂದಸಾಮಿ ತನ್ನ ಮದುವೆಯಲ್ಲಿ ಅನುಭವಿಸಿದ ಹಿಂಸೆಯನ್ನು 2012ರಲ್ಲಿ ಪತ್ರಿಕೆಯಲ್ಲಿ ಸ್ವಂತ ಹೆಸರಿನಿಂದಲೇ ಬರೆದಳು. 2017ರಲ್ಲಿ ಬಂದ ಆಕೆಯ 'ವೆನ್ ಐ ಹಿಟ್ ಯು' ಕಾದಂಬರಿಯ ಸಂಸಾರ ನಡೆಯುವುದು ನಮ್ಮ ಮಂಗಳೂರಿನಲ್ಲಿ. ಗಂಡ ಕಾಲೇಜು ಅಧ್ಯಾಪಕ, ಸಮಾನತೆಯ ಭಾಷಣಕಾರ. ಹೆಂಡತಿಯ ಪತ್ರವ್ಯವಹಾರವೆಲ್ಲ ಅವನ ಕೈಯಲ್ಲಿ. ತವರಿಗೆ ಫೋನು ಮಾಡಿದರೆ ತಾಳ್ಮೆಯ ಉಪದೇಶ.

ಉಪದೇಶ ಮಾಡಿದವರಲ್ಲಿ ನಾನೂ ಒಬ್ಬಳು. 1996ರ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಕಾಲೇಜಿನಲ್ಲಿದ್ದಾಗ ಚೆನ್ನಾಗಿ ಕವಿತೆ ಬರೆಯುತ್ತಿದ್ದಳು, ಒಂದು ನೋಟುಪುಸ್ತಕ ನನ್ನ ಹತ್ತಿರವೇ ಬಿಟ್ಟುಹೋಗಿದ್ದಳು. ಸೆರಗು ತೋಳಿನ ತನಕ ಹೊದ್ದಿದ್ದಳು. ಚಹಾ ಕೊಟ್ಟೆ. ಬಾಕಿ ಹುಂಡಾದ ಮಾತು, ಕೈ ಮಾಡುವ ಮಾತು ಹೇಳಿದಳು. ಭಾರತೀಯ ದಂಡ ಸಂಹಿತೆಗೆ 498ಎ ಕಲಂ ಸೇರಿ ಆಗಲೇ 13 ವರ್ಷವಾಗಿತ್ತು, ನನಗೆ ಗೊತ್ತೂ ಇತ್ತು. ಆದರೂ "ಸ್ವಲ್ಪ ಹೊಂದಿಕೊಂಡು ಹೋಗವ್ವಾ, ಒಂದು ಕೂಸಾದರ ಎಲ್ಲಾ ಸರಿ ಆಗ್ತದ" ಎಂದೆ. ಎಂ.ಎ. ಓದಿದ ಬಾಯಿಂದ ಬಂದ ಮಾತು ಇದು. ಅವಳು ಚಹಾ ಪೂರ್ತಿ ಕುಡಿಯದೆ ಎದ್ದು ಹೋದಳು.

ಅವಳು ಬದುಕಿದ್ದಾಳೆ. ನಾಲ್ಕು ವರ್ಷದ ನಂತರ, ಯಾರ ಸಹಾಯವೂ ಇಲ್ಲದೆ, ಮಗುವನ್ನು ಎತ್ತಿಕೊಂಡು ಹೊರಬಂದಳು. ಕಳೆದ ತಿಂಗಳು ಫೋನು ಮಾಡಿ, ಸಭೆಯಲ್ಲಿ ನಿನ್ನ ಒಂದು ಕವಿತೆ ಓದಲೇ ಎಂದು ಕೇಳಿದೆ. "ಕವಿತೆ ಬ್ಯಾಡ್ರಿ ಮೇಡಮ್, ಅವತ್ತು ನೀವು ಅಂದದ್ದನ್ನ ಹೇಳ್ರಿ" ಎಂದಳು. ಅದಕ್ಕೇ ಹೇಳಿದೆ.

ಈಗ ಕೆಲಸದ ಮಾತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಪೆಟ್ಟು ತಿಂದವಳೇ ಬಂದು ದೂರಬೇಕೆಂದಿಲ್ಲ. ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ. ಮನೆ ಯಾರ ಹೆಸರಿನಲ್ಲಿದ್ದರೂ ಅವಳನ್ನು ಆ ಮನೆಯಿಂದ ಕಾನೂನು ಬಿಟ್ಟು ಹೊರಹಾಕುವಂತಿಲ್ಲ. 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಿವೆ. ಶಿಕ್ಷೆ ಅದೇ, ಮೂರು ವರ್ಷದ ತನಕ. ಮಹಿಳಾ ಸಹಾಯವಾಣಿ 181. ಈ ನಂಬರನ್ನು ಪಾಸ್‌ಬುಕ್ಕಿನ ಹಿಂಬದಿಗೆ ಬರೆದುಕೊಳ್ಳಿ.

ಇನ್ನೊಂದು ಕೇಳಿಕೆ. ನಿಮ್ಮ ನಡಾವಳಿ ಪುಸ್ತಕದಲ್ಲಿ ಸಾಲದ ಠರಾವು ಬರೆಯುತ್ತೀರಿ. ಯಾರಾದರೂ ಸಂಘಕ್ಕೆ ಬಂದು "ನನಗೆ ಹೀಗಾಯಿತು" ಎಂದರೆ, ಅವಳು ಬೇಡವೆನ್ನದಿದ್ದರೆ, ಅದನ್ನೂ ತಾರೀಖು ಹಾಕಿ ಅವಳದೇ ಮಾತಿನಲ್ಲಿ ಬರೆದಿಡಿ. ಹೆಸರು ಬೇಡವೆಂದರೆ ಬೇರೆ ಹೆಸರು ಹಾಕಿ. ಮನೆಯಲ್ಲಿ ಯಾರಿಗೂ ಸಿಗದಂತೆ ಪುಸ್ತಕ ಎಲ್ಲಿಡಬೇಕು ಎಂಬುದನ್ನು ಇವತ್ತೇ ನೀವು ಕೂತು ನಿರ್ಧರಿಸಬೇಕು.

ಮಿಲ್ಲಿನ ಭೋಂಗಾ ಆಯಿತು, ಪಾಳಿ ಬಿಡುವ ಹೊತ್ತು. ಮನೆಗೆ ಓಡಬೇಕಾದವರು ಮೊದಲು ಮಾತಾಡಿ. ಹಿಂದೆ ಕಿಟಕಿಯ ಹತ್ತಿರ ಕೂತಿರುವ ತಂಗಿ ಆಗಿನಿಂದ ಏನೋ ಕೇಳಬೇಕೆಂದಿದ್ದಾಳೆ, ಹೇಳವ್ವಾ.